ಗಣೇಶನ ಕಮಿಟಿ ಹುಡುಗರನ್ನು ಇಟ್ಟುಕೊಂಡು ಎಂ.ಎಸ್.ಡಬ್ಲ್ಯೂ. ಮುಗಿಸಿದ್ದು: ನನ್ನ ಅನುಭವ

ಕಡೆಗೂ ಇಗ್ನೋದಿಂದ (ಮನೆಯಲ್ಲೇ ಓದಿ ಪರೀಕ್ಷೆ ಬರೆಯುವ ಮುಕ್ತ ವಿಶ್ವವಿದ್ಯಾಲಯ) ಎಂ.ಎಸ್.ಡಬ್ಲ್ಯೂ., ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿಯ ಗ್ರೇಡ್ ಕಾರ್ಡ್ ಬಂತು. ಫಸ್ಟ್ ಡಿವಿಷನ್. ಫೀಲ್ಡ್ ವರ್ಕ್‌ನಲ್ಲಂತೂ, ಅಂದರೆ ಜನರ ನಡುವೆ ಮಾಡಿ ತೋರಿಸಬೇಕಾದ ಪ್ರಾಯೋಗಿಕ ಕೆಲಸದಲ್ಲಿ, ನಮ್ಮ ಬ್ಯಾಚಿನಲ್ಲಿ ನನಗೇ ಜಾಸ್ತಿ ಅಂತ ಕೇಳಿದ್ದೇನೆ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. 'ಊರಲ್ಲೇ ಕೂತು ಫೀಲ್ಡ್ ವರ್ಕ್ ಮಾಡಿದರೆ ಯಾರೂ ಒಪ್ಪಲ್ಲ' ಅಂದಿದ್ದವರೇ ಈಗ ನನ್ನ ಜರ್ನಲ್‌ನ (ಫೀಲ್ಡ್ ವರ್ಕ್‌ನ ದಾಖಲೆ ಪುಸ್ತಕ) ಫೋಟೋ ಕಳಿಸು ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳುವ ಬದಲು ಇಲ್ಲಿ ಬರೆದುಬಿಡುತ್ತೇನೆ. ಯುವಕ ಸಂಘ, ಯುವತಿ ಮಂಡಳಿ, ಎನ್‌ಜಿಓ ಅಂತ ಊರೂರು ತಿರುಗುತ್ತಾ ಜೊತೆಗೆ ಡಿಗ್ರಿ ಮಾಡಬೇಕು ಅಂದುಕೊಂಡವರಿಗೆ ಇದು. ಕೇಸ್ ವರ್ಕ್ ಅಂದರೆ ಒಬ್ಬೊಬ್ಬರ ಜೊತೆ, ಗ್ರೂಪ್ ವರ್ಕ್ ಅಂದರೆ ಒಂದು ಗುಂಪಿನ ಜೊತೆ ಕೂತು ಅವರ ತೊಡಕು ಬಿಡಿಸಲು ನೆರವಾಗುವುದು, ಅದಕ್ಕಿಂತ ಹೆಚ್ಚು ಹೇಳಲು ಕೂರುವುದಿಲ್ಲ.

ನಾನು ತಿಪಟೂರು ಸೀಮೆಯವನು. ಗ್ರಾಮ ಪಂಚಾಯಿತಿ ಲೈಬ್ರರಿಯಲ್ಲಿ ಮೇಲ್ವಿಚಾರಕ. ಸಂಬಳ ಎಷ್ಟು ಅಂತ ಗೊತ್ತಿರುವವರಿಗೆ ಗೊತ್ತು. 2021ರ ಜುಲೈ ಅಡ್ಮಿಷನ್‌ನಲ್ಲಿ ಸೇರಿದೆ. ಎರಡು ವರ್ಷದ ಕೋರ್ಸು, ನನಗೆ ಮೂರು ಹಿಡಿಯಿತು, ಯಾಕೆ ಅಂತ ಮುಂದೆ ಹೇಳುತ್ತೇನೆ. ಕಾಲೇಜಿಗೆ ಹೋಗಿ ರೆಗ್ಯುಲರ್ ಮಾಡೋಣ ಅಂತ ಮೊದಲು ಲೆಕ್ಕ ಹಾಕಿದ್ದೆ. ಫೀಸು, ರೂಮು, ಊಟ ಎಲ್ಲ ಸೇರಿದರೆ ಎರಡು ಲಕ್ಷದ ಹತ್ತಿರ ಹೋಗುತ್ತಿತ್ತು, ಮೇಲೆ ಇರುವ ಕೆಲಸವೂ ಹೋಗುತ್ತಿತ್ತು. ಇಗ್ನೋದಲ್ಲಿ ಆಗ ವರ್ಷಕ್ಕೆ 16 ಸಾವಿರದ ಆಸುಪಾಸು. ಮೊದಲ ವರ್ಷದ್ದು ತೆಂಗಿನಕಾಯಿ ಮಾರಿದ ದುಡ್ಡಲ್ಲಿ ಆಯಿತು. ಎರಡನೇ ವರ್ಷದ್ದಕ್ಕೆ ಹೆಂಡತಿಯ ಸಂಘದಿಂದ ಸಾಲ.

ನಿಜವಾದ ತಲೆನೋವು ಫೀಲ್ಡ್ ವರ್ಕ್. ಓದುವುದು ರಾತ್ರಿ ಆದರೂ ಆಗುತ್ತದೆ, ಫೀಲ್ಡ್ ವರ್ಕ್‌ಗೆ ಹಗಲು ಬೇಕು. ನನ್ನ ಜೊತೆಯವರೆಲ್ಲ ವೃದ್ಧಾಶ್ರಮ, ಡಿ-ಅಡಿಕ್ಷನ್ ಸೆಂಟರ್, ಸ್ಪೆಷಲ್ ಸ್ಕೂಲು ಅಂತ ಪೇಟೆಯ ಕಡೆ ಹೊರಟರು. ನಾನೂ ಒಂದು ಸಂಸ್ಥೆಗೆ ಹೋದೆ. ಅಲ್ಲಿ ಕೆಲಸ ಏನು ಅಂದರೆ ರಿಜಿಸ್ಟರ್ ತುಂಬಿಸುವುದು, ಬಂದ ಅತಿಥಿಗಳಿಗೆ ಹಾರ ತರುವುದು, ಫೋಟೋ ತೆಗೆಯುವುದು. ಒಂದೂವರೆ ತಿಂಗಳು ಹೀಗೇ ಹೋಯಿತು. ಬಸ್ಸು, ಊಟ ಅಂತ ನಾಲ್ಕು ಸಾವಿರದ ಮೇಲೆ ಖರ್ಚಾಯಿತು. ಜರ್ನಲ್‌ನಲ್ಲಿ ಬರೆಯಲು ಮಾತ್ರ ಒಂದು ಸಾಲಿಲ್ಲ. ಬಿಟ್ಟೆ.

ಆಮೇಲೆ ಊರಲ್ಲೇ ಹೊಸದಾಗಿ ಒಂದು ಯುವ ಗುಂಪು ಕಟ್ಟೋಣ ಅಂತ ಹೊರಟೆ. ಇದನ್ನು ಎಲ್ಲರೂ ಮಾಡುತ್ತಾರೆ, ಎಲ್ಲರದ್ದೂ ಒಂದೇ ಗತಿ. 'ವೃತ್ತಿ ಮಾರ್ಗದರ್ಶನ ಸಭೆ' ಅಂತ ಬ್ಯಾನರ್ ಮಾಡಿಸಿದೆ, ಎಂಟುನೂರು ರೂಪಾಯಿ. ಬಂದವರು ಐದೋ ಆರೋ ಜನ, ಅದರಲ್ಲಿ ಇಬ್ಬರು ನಮ್ಮ ಮನೆಯವರೇ! ಮತ್ತೊಂದು ಸಲ ಕ್ಯಾರಂ ಬೋರ್ಡ್ ತಂದಿಟ್ಟೆ. ಹುಡುಗರೇನೋ ಬಂದರು. ಹದಿನೈದು ದಿನಕ್ಕೆ ಸ್ಟ್ರೈಕರ್ ಕಳೆಯಿತು, ತಿಂಗಳಿಗೆ ಬೋರ್ಡೇ ಯಾರದ್ದೋ ಮನೆ ಸೇರಿತು. ವಾಟ್ಸಾಪ್ ಗ್ರೂಪ್ ಮಾಡಿದೆ. ಅದರಲ್ಲಿ ಗುಡ್ ಮಾರ್ನಿಂಗ್ ಹೂವು ಬಿಟ್ಟು ಬೇರೇನೂ ಬರಲಿಲ್ಲ.

ನಮ್ಮ ಕಡೆ ಇನ್ನೊಂದು ತೊಡಕಿದೆ. ಕೊಬ್ಬರಿ ಹರಾಜಿನ ಹಿಂದಿನ ರಾತ್ರಿ ಹುಡುಗರು ಯಾರೂ ಸಿಗುವುದಿಲ್ಲ. ಅಟ್ಟದಿಂದ ಕಾಯಿ ಇಳಿಸಿ, ಸಿಪ್ಪೆ ಸುಲಿದು, ಮಚ್ಚಿನಲ್ಲಿ ಚಿಪ್ಪು ಬಿಡಿಸಿ ಉಂಡೆ ಕೊಬ್ಬರಿ ತೆಗೆಯಲು ಕೂತಿರುತ್ತಾರೆ. ಸಾವಿರ ಕಾಯಿಗೆ ಇಷ್ಟು ಅಂತ ಕೂಲಿ. ನೀವು ಆರು ಗಂಟೆಗೆ ಮೀಟಿಂಗ್ ಕರೆದರೆ ಯಾರು ಬರುತ್ತಾರೆ? ನಾನೇ ಹೋಗಿ ಕೊಟ್ಟಿಗೆಯಲ್ಲಿ ಅವರ ಪಕ್ಕ ಕೂತೆ. ಕೈ ಕೆಲಸ ಮಾಡುತ್ತಿರುತ್ತದೆ, ಬಾಯಿ ಬಿಡುವಾಗಿರುತ್ತದೆ. ಕಣ್ಣು ಕಾಯಿಯ ಮೇಲೆ ಇರುವುದರಿಂದ ಯಾರೂ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಲೈಬ್ರರಿಯಲ್ಲಿ ಎದುರು ಕೂರಿಸಿಕೊಂಡು ಕೇಳಿದಾಗ ಬಾಯಿ ಬಿಡದ ಹುಡುಗ ಅಲ್ಲಿ ಆನ್‌ಲೈನ್ ರಮ್ಮಿಯಲ್ಲಿ ಕಳೆದ ದುಡ್ಡಿನ ಲೆಕ್ಕ ಹೇಳಿದ. ನನ್ನ ಕೇಸ್ ವರ್ಕ್ ಅಲ್ಲೇ ಶುರುವಾಗಿದ್ದು.

ಅದೇ ಕೊಟ್ಟಿಗೆಯಲ್ಲಿ ಗಣೇಶನ ಗಲಾಟೆಯೂ ಕಿವಿಗೆ ಬಿತ್ತು. 2022ರ ಹಬ್ಬದ ಚಂದಾ ಅರವತ್ತು ಸಾವಿರ ಚಿಲ್ಲರೆ. ಖರ್ಚಿಗೆ ಲೆಕ್ಕ ಕೂಡುತ್ತಿಲ್ಲ, ಏಳೆಂಟು ಸಾವಿರ ಎಲ್ಲಿ ಹೋಯಿತೋ ಗೊತ್ತಿಲ್ಲ. ಕಮಿಟಿ ಎರಡು ಭಾಗವಾಗಿ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ನನಗೆ ತಕ್ಷಣ ಹೊಳೆಯಿತು. ನಾನು ಎಂಎಸ್‌ಡಬ್ಲ್ಯೂ-008ಕ್ಕೆ, ಅಂದರೆ ಗ್ರೂಪ್ ವರ್ಕ್ ಪೇಪರ್‌ಗೆ, ಗುಂಪು ಹುಡುಕಿಕೊಂಡು ಬ್ಯಾನರ್ ಮಾಡಿಸುತ್ತಿದ್ದೇನೆ, ಇಲ್ಲಿ ಇಪ್ಪತ್ತು ಹುಡುಗರ ಗುಂಪು ರೆಡಿಯಾಗಿ ಕೂತಿದೆ! ಲೀಡರ್ ಇದ್ದಾನೆ, ಖಜಾಂಚಿ ಇದ್ದಾನೆ, ಮುನಿಸಿಕೊಂಡವನು ಇದ್ದಾನೆ, ಮೂಲೆಯಲ್ಲಿ ಸುಮ್ನೆ ಕೂರುವವನು ಇದ್ದಾನೆ. ಜಗಳವೂ ಇದೆ. ಗ್ರೂಪ್ ವರ್ಕ್ ಮಾಡಲು ಇನ್ನೇನು ಬೇಕು?

ನನ್ನ ಫೀಲ್ಡ್ ವರ್ಕ್ ನೋಡುವ ಸೂಪರ್‌ವೈಸರ್‌ಗೆ ಹೇಳಿದಾಗ ಅವರು ನಕ್ಕುಬಿಟ್ಟರು. 'ನೋಡಪ್ಪ, ನಿಮ್ಮೂರ ಗಣೇಶ ಹಬ್ಬ ಫೀಲ್ಡ್ ವರ್ಕ್ ಆಗಲ್ಲ. ಒಂದು ಏಜೆನ್ಸಿ, ಅಂದರೆ ಸಂಸ್ಥೆ, ಹುಡುಕಿಕೋ' ಅಂದರು. 'ಸಾರ್, ಲೈಬ್ರರಿ ಪಂಚಾಯಿತಿದು. ಪಂಚಾಯಿತಿಯಿಂದ ಪತ್ರ ತರುತ್ತೇನೆ. ನಾನು ಹಬ್ಬ ಮಾಡಲ್ಲ, ಜಗಳ ಆಡಿದ ಗುಂಪಿನ ಜೊತೆ ಕೂರುತ್ತೇನೆ' ಅಂದೆ. ಒಪ್ಪಲಿಲ್ಲ. ಪಿಡಿಓ ಕೈಲಿ ಪತ್ರ ಬರೆಸಿದೆ. ಆಗಲೂ ಅರ್ಧ ಮನಸ್ಸು. ಮೊದಲ ನಾಲ್ಕು ಸಿಟಿಂಗ್‌ನ ರೆಕಾರ್ಡ್ ಬರೆದು ಮುಂದಿಟ್ಟೆ. ಓದಿದರು. ಒಂದು ಪುಟಕ್ಕೆ ವಾಪಸ್ ಹೋಗಿ ಮತ್ತೆ ಓದಿದರು. 'ಮುಂದುವರಿಸು' ಅಂದರು, ಅಷ್ಟೇ.

ಹೇಗೆ ಮಾಡಿದೆ ಅಂದರೆ, 'ದುಡ್ಡು ಯಾರು ತಿಂದರು' ಅನ್ನುವ ಮಾತನ್ನೇ ಮೊದಲು ಪಕ್ಕಕ್ಕಿಟ್ಟೆ. ಲೈಬ್ರರಿಯ ಮೇಜಿನ ಮೇಲೆ ಒಂದು ಉದ್ದದ ಚಾರ್ಟ್ ಹಾಸಿದೆ. ಹಬ್ಬದ ಹಿಂದಿನ ವಾರದಿಂದ ವಿಸರ್ಜನೆಯ ರಾತ್ರಿವರೆಗೆ ದಿನ ಬರೆದೆ. ಪ್ರತಿಯೊಬ್ಬನೂ ಆವತ್ತು ತಾನು ಏನು ಕೆಲಸ ಮಾಡಿದೆ ಅಂತ ಮಾತ್ರ ಹೇಳಬೇಕು, ದುಡ್ಡಿನ ಮಾತಿಲ್ಲ. ಮೊದಲ ಸಿಟಿಂಗ್ ಜಗಳದಲ್ಲೇ ಮುಗಿಯಿತು. ಎರಡನೆಯದಕ್ಕೆ ಅರ್ಧ ಜನ ಬರಲಿಲ್ಲ. ಮೂರನೆಯದರಲ್ಲಿ, ಯಾವಾಗಲೂ ಬಾಗಿಲ ಹತ್ತಿರ ನಿಲ್ಲುವ ಹುಡುಗ 'ಟ್ರ್ಯಾಕ್ಟರ್‌ಗೆ ಡೀಸೆಲ್ ನಾನು ಹಾಕಿಸಿದ್ದು' ಅಂದ. ಎರಡು ಸಲ ಹಾಕಿಸಿದ್ದ, ರಸೀದಿ ಇಲ್ಲ, ಕೇಳಿದವರೂ ಇಲ್ಲ. ಅಲ್ಲಿಂದ ಜನರೇಟರ್ ಬಾಡಿಗೆ, ಹೂವಿನ ಅಡ್ವಾನ್ಸು, ಮಳೆ ಬಂದಾಗ ತಂದ ಟಾರ್ಪಾಲು ಎಲ್ಲ ಹೊರಬಂತು. ಕೊನೆಗೆ ಉಳಿದ ವ್ಯತ್ಯಾಸ ನಾನೂರೋ ಐನೂರೋ. ಅದನ್ನು ಖಜಾಂಚಿಯೇ ಜೇಬಿನಿಂದ ಹಾಕಿದ. ಹಾಕಬೇಕಿರಲಿಲ್ಲ, ಆದರೂ ಹಾಕಿದ. ಆ ಲೆಕ್ಕ ಲೈಬ್ರರಿ ಬೋರ್ಡಿನ ಮೇಲೆ ಹತ್ತಿತು. ಊರಿನ ಹಿರಿಯರೊಬ್ಬರು ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲು ಓದಿ 'ಪರವಾಗಿಲ್ವಲ್ಲ ಹೈಕ್ಳು' ಅಂದರು.

2023ರಲ್ಲಿ ಹುಡುಗರು ಡಿಜೆ ಬಿಟ್ಟರಾ ಅಂತ ಕೇಳಬೇಡಿ. ಬಿಡಲಿಲ್ಲ. ಇನ್ನೂ ದೊಡ್ಡದು ತಂದರು, ಆದರೆ ರಸೀದಿ ಇಟ್ಟರು. ನನ್ನ ಗುರಿ ರಸೀದಿಯೇ ಆಗಿತ್ತು. ಜರ್ನಲ್‌ನಲ್ಲೂ ಹಾಗೇ ಬರೆದೆ. ಸಮಾಜ ಸುಧಾರಣೆಯ ಬಣ್ಣ ಬಳಿಯಲಿಲ್ಲ, ವೈವಾದಲ್ಲಿ (ಮೌಖಿಕ ಪರೀಕ್ಷೆ) ಅದೇ ಕೈ ಹಿಡಿಯಿತು.

ಇದೇ ಗುಂಪು ಆಮೇಲೆ ಬೆಳಗಿನ ಬಸ್ಸಿನ ಹಿಂದೆ ಬಿತ್ತು. ಪಿಯುಸಿ ಮಕ್ಕಳು ಎಂಟೂವರೆ ಬಸ್ಸಿನ ಮೆಟ್ಟಿಲ ಮೇಲೆ ಜೋತು ಹೋಗುತ್ತಿದ್ದರು. ಅರ್ಜಿ ಕೊಟ್ಟರೆ 'ನೋಡೋಣ' ಅನ್ನುವ ಉತ್ತರ. ಹುಡುಗರು ಒಂದು ವಾರ ಬಸ್ಸು ಹತ್ತಿದವರನ್ನೂ ಬಿಟ್ಟುಹೋದವರನ್ನೂ ನೋಟ್‌ಬುಕ್ಕಿನಲ್ಲಿ ಎಣಿಸಿದರು. ಆ ಪುಟಗಳ ಜೆರಾಕ್ಸ್ ಲಗತ್ತಿಸಿ ಮತ್ತೆ ಕೊಟ್ಟೆವು. ಹೊಸ ಬಸ್ಸು ಬರಲಿಲ್ಲ, ಇದ್ದ ಬಸ್ಸು ಇಪ್ಪತ್ತು ನಿಮಿಷ ಮುಂಚೆ ಬಂತು, ಪಕ್ಕದ ಊರಿನ ಟ್ರಿಪ್ಪು ನಮ್ಮಲ್ಲಿಗೆ ಹೊರಳಿತು. ಎಂಎಸ್‌ಡಬ್ಲ್ಯೂ-009, ಅದೇ ಕಮ್ಯುನಿಟಿ ಆರ್ಗನೈಸೇಷನ್ (ಸಮುದಾಯ ಸಂಘಟನೆ) ಪೇಪರ್, ಅದಕ್ಕೆ ಇಷ್ಟು ಸಾಕಾಯಿತು.

ಹುಡುಗಿಯರ ವಿಷಯ ಬೇರೆ. ಕಮಿಟಿಗೆ ಸೇರಿಸುವ ಪ್ರಯತ್ನ ಪೂರ್ತಿ ಮಣ್ಣುಪಾಲು. ಒಬ್ಬಳೂ ಬರಲಿಲ್ಲ, ಹುಡುಗರೂ ಕರೆಯಲಿಲ್ಲ. ಕೊನೆಗೆ ಲೈಬ್ರರಿಯಲ್ಲಿ ಸಂಜೆಯ ಒಂದು ಗಂಟೆ ಅವರಿಗೇ ಅಂತ ಬಿಟ್ಟೆ. ಅಮ್ಮಂದಿರನ್ನು ಒಪ್ಪಿಸಲು ಒಂದು ಉಪಾಯ ಮಾಡಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಮ್ಮೂರಲ್ಲೇ ಅದು ಕೆಲಸ ಮಾಡುವುದು ನಿಂತುಹೋಗುತ್ತದೆ. ಈಗ ಎಂಟು ಹತ್ತು ಹುಡುಗಿಯರು ಪಕ್ಕಾ ಬರುತ್ತಾರೆ. ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಗೆ ಓದುವವರೇ ಜಾಸ್ತಿ.

ರಮ್ಮಿ ಹುಡುಗನ ವಿಷಯಕ್ಕೆ ಬಂದರೆ, ಅದು ನನ್ನ ಕೈಮೀರಿದ್ದು ಅಂತ ಬೇಗ ಗೊತ್ತಾಯಿತು. ಅವನು ಒಪ್ಪಿದ ಮೇಲೆ ಯುವ ಸ್ಪಂದನಕ್ಕೆ ಕಳಿಸಿದೆ. ಅದು ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಿಮ್ಹಾನ್ಸ್ (ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ) ಜೊತೆ ಸೇರಿ ಯುವಜನರಿಗೆ ಆಪ್ತಸಲಹೆ ಕೊಡಲು ನಡೆಸುವ ಯೋಜನೆ. ಲೈಬ್ರರಿಯಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416 ನಂಬರ್ ಬರೆದು ಅಂಟಿಸಿದ್ದೇನೆ. ಬಾಗಿಲಿಗೆ ಅಂಟಿಸಿದರೆ ಎಲ್ಲರ ಎದುರು ಯಾರೂ ಬರೆದುಕೊಳ್ಳುವುದಿಲ್ಲ, ಹಾಗಾಗಿ ಪೇಪರ್ ಸ್ಟ್ಯಾಂಡಿನ ಒಳಮೈಗೆ. ಜರ್ನಲ್‌ನಲ್ಲಿ ಹುಡುಗನ ಹೆಸರು, ವಯಸ್ಸು, ಮನೆತನ ಎಲ್ಲ ಬದಲಿಸಿದೆ. ಊರಲ್ಲೇ ಫೀಲ್ಡ್ ವರ್ಕ್ ಮಾಡುವವರು ಇದನ್ನು ಸಡಿಲ ಬಿಡಬೇಡಿ. ಒಂದು ಹಾಳೆ ಹೊರಗೆ ಹೋದರೆ ಮರುದಿನ ಯಾರೂ ಬಾಯಿ ಬಿಡುವುದಿಲ್ಲ.

ವಯಸ್ಸಿನ ಒಂದು ತಮಾಷೆ ಹೇಳಿಬಿಡುತ್ತೇನೆ. 2003ರ ರಾಷ್ಟ್ರೀಯ ಯುವ ನೀತಿಯಲ್ಲಿ ಯುವಕ ಅಂದರೆ 13ರಿಂದ 35, 2014ರದ್ದರಲ್ಲಿ 15ರಿಂದ 29. ನಮ್ಮೂರ ಯುವಕ ಸಂಘದ ಅಧ್ಯಕ್ಷರ ಮಗ ಈಗ ಡಿಗ್ರಿ ಓದುತ್ತಿದ್ದಾನೆ. ಅವರನ್ನು ಪಕ್ಕಕ್ಕಿಟ್ಟು ಏನೂ ಮಾಡಲು ಆಗುವುದಿಲ್ಲ. ಮೊದಲ ಟೀ ಅವರಿಗೆ ಕೊಡಿ, ಆಮೇಲೆ ಅವರೇ ಎದ್ದು ಹೋಗುತ್ತಾರೆ.

ಇನ್ನು ಇಂಗ್ಲಿಷ್. ಪರೀಕ್ಷೆ ಇಂಗ್ಲಿಷ್ ಇಲ್ಲಾ ಹಿಂದಿ, ನಾನು ಡಿಗ್ರಿವರೆಗೆ ಕನ್ನಡ ಮೀಡಿಯಂ. 'ನಿನ್ನ ಕೈಲಾಗಲ್ಲ' ಅಂತ ಜಾಸ್ತಿ ಕೇಳಿದ್ದು ಈ ವಿಷಯಕ್ಕೇ. ಮೊದಲು ಜರ್ನಲ್‌ಅನ್ನು ನೇರ ಇಂಗ್ಲಿಷಿನಲ್ಲಿ ಬರೆದೆ, ಒಣಕಲು ಬರವಣಿಗೆ. ಮೊಬೈಲಿನಲ್ಲಿ ಟ್ರಾನ್ಸ್‌ಲೇಟ್ ಮಾಡಿ ನೋಡಿದೆ, ಎರಡನೇ ಪುಟಕ್ಕೇ ಸಿಕ್ಕಿಬಿದ್ದೆ. ಕೊನೆಗೆ ಕೂಡಿಬಂದ ದಾರಿ ಇದು: ಸಿಟಿಂಗ್ ಮುಗಿಸಿ ಮನೆಗೆ ನಡೆದು ಬರುವಾಗಲೇ ಕನ್ನಡದಲ್ಲಿ ಫೋನಿಗೆ ಹೇಳಿ ರೆಕಾರ್ಡ್ ಮಾಡುವುದು, ರಾತ್ರಿ ಅದನ್ನು ಕೇಳುತ್ತಾ ಕನ್ನಡದಲ್ಲೇ ನೋಟ್‌ಬುಕ್ಕಿಗೆ ಇಳಿಸುವುದು, ಎಡಗಡೆ ಯಾರು ಏನಂದರು, ಬಲಗಡೆ ನಾನು ಯಾಕೆ ಹಾಗಂದೆ. ಭಾನುವಾರ ಕೂತು ಚಿಕ್ಕಚಿಕ್ಕ ಇಂಗ್ಲಿಷ್ ವಾಕ್ಯ. ಹುಡುಗರ ಮಾತನ್ನು ಮಾತ್ರ ಕನ್ನಡದಲ್ಲೇ ಬಿಟ್ಟು ಕೆಳಗೆ ಅರ್ಥ ಬರೆದೆ. ಇದಕ್ಕೆ ಯಾರೂ ತಕರಾರು ಮಾಡಲಿಲ್ಲ.

ಪೇಪರಿನ ನೂರಕ್ಕೆ 30 ಮನೆಯಲ್ಲಿ ಬರೆದುಕೊಡುವ ಅಸೈನ್‌ಮೆಂಟ್‌ಗೆ, 70 ಪರೀಕ್ಷೆಗೆ ಅನ್ನುವ ಲೆಕ್ಕ. ಅಸೈನ್‌ಮೆಂಟಿನಲ್ಲಿ ಅಂಕ ಬಿಡಬೇಡಿ, ಕೈಯಲ್ಲೇ ಬರೆಯಿರಿ, ಕೊಟ್ಟಿದ್ದಕ್ಕೆ ಸೀಲು ಹಾಕಿಸಿಕೊಳ್ಳಿ. ನನ್ನ ಎರಡು ಅಸೈನ್‌ಮೆಂಟ್ ಸ್ಟಡಿ ಸೆಂಟರ್‌ನಲ್ಲಿ ಸಿಗದೇ ಹೋಗಿದ್ದವು. ಸೀಲಿದ್ದ ಹಾಳೆಯೇ ಉಳಿಸಿತು. ನನಗೆ ಒಂದು ವರ್ಷ ಜಾಸ್ತಿ ಆಗಿದ್ದು ಎಂಎಸ್‌ಡಬ್ಲ್ಯೂ-006ರಿಂದ, ರಿಸರ್ಚ್ ಪೇಪರ್. ಸ್ಟ್ಯಾಟಿಸ್ಟಿಕ್ಸ್ ಉರು ಹೊಡೆದರೆ ಆಗುವುದಿಲ್ಲ. ಎರಡು ಸಲ ಹೋಯಿತು. ಮೂರನೇ ಸಲ ಬಸ್ಸಿನ ಎಣಿಕೆಯ ನೋಟ್‌ಬುಕ್ಕನ್ನೇ ಇಟ್ಟುಕೊಂಡು ಸರಾಸರಿ, ಸ್ಟ್ಯಾಂಡರ್ಡ್ ಡೀವಿಯೇಷನ್ ಹಾಕುತ್ತಾ ಕಲಿತೆ, ದಾಟಿತು. ಪರೀಕ್ಷೆಯಲ್ಲಿ ಉತ್ತರ ಬರೆಯಲು ನನ್ನದೇ ಒಂದು ಹಾಳೆಯ ನಮೂನೆ ಇದೆ. ಎಲ್ಲ ಪ್ರಶ್ನೆಗೂ ಹೊಂದುತ್ತದೆ. ಅದು ನಮ್ಮ ಲೈಬ್ರರಿಗೆ ಬಂದು ಕೂತು ಓದುವವರಿಗೆ ಮಾತ್ರ!

ಒಟ್ಟು ಖರ್ಚು? ಫೀಸು 32 ಸಾವಿರದ ಮೇಲೆ, ಪರೀಕ್ಷೆ ಫೀಸು ಮರುಪರೀಕ್ಷೆ ಸೇರಿ ಮೂರು ನಾಲ್ಕು ಸಾವಿರ, ಓಡಾಟ ಹತ್ತು ಸಾವಿರದ ಹತ್ತಿರ, ಜೆರಾಕ್ಸು ಬೈಂಡಿಂಗು ಎರಡು ಸಾವಿರ. ಪುಸ್ತಕಕ್ಕೆ ಏನೂ ಇಲ್ಲ, ಇಗ್ನೋದ ವೆಬ್‌ಸೈಟ್ ಇ-ಜ್ಞಾನಕೋಶದಲ್ಲಿ ಪಿಡಿಎಫ್ ಇದೆ. ಹುಡುಗರ ಟೀ, ಖಾರ ಮಂಡಕ್ಕಿಗೆ ಹೋದದ್ದು ಎಲ್ಲಿಯೂ ಬರೆದಿಟ್ಟಿಲ್ಲ, ಐದಾರು ಸಾವಿರ ಇರಬಹುದು. ಬೇರೆಯವರ ರಸೀದಿ ಲೆಕ್ಕ ಹಾಕಿಸಿದವನು ಇದಕ್ಕೆ ರಸೀದಿ ಇಡಲಿಲ್ಲ ಅಂತ ಹೆಂಡತಿ ಈಗಲೂ ನಗುತ್ತಾಳೆ. ಸ್ನೇಹ ಕ್ಲಿನಿಕ್‌ನ (ಹದಿಹರೆಯದವರಿಗಾಗಿ ಇರುವ ಸರ್ಕಾರಿ ಆರೋಗ್ಯ ಕೇಂದ್ರ) ಕೌನ್ಸೆಲರ್ ಹುದ್ದೆಗೆ ಈ ಡಿಗ್ರಿ ಇಟ್ಟು ಅರ್ಜಿ ಹಾಕಿದ್ದೇನೆ. ಗುತ್ತಿಗೆ ಕೆಲಸ, ಆದರೂ ಈಗಿನದಕ್ಕಿಂತ ಸಂಬಳ ಜಾಸ್ತಿ. ಸಂಘದ ಸಾಲದ ಇನ್ನೂ ಮೂರು ಕಂತು ಬಾಕಿ ಇದೆ.