ಗುಜರಿಯ ವೈಸ್ ಪ್ರದರ್ಶನಕ್ಕೆ ಸಿದ್ಧವಾಗುವುದು ಹೀಗೆ

ಗುಜರಿ ಅಂಗಡಿಯಲ್ಲಿ ತುಕ್ಕು ತಿಂದ ವೈಸ್ (ಕೆಲಸದ ವಸ್ತುವನ್ನು ಎರಡು ದವಡೆಗಳ ನಡುವೆ ಬಿಗಿದು ಹಿಡಿಯುವ ಸಾಧನ) ಕಂಡರೆ ಸುಮ್ನೆ ಮುಂದೆ ಹೋಗಬೇಡಿ. ಪಕ್ಕೆಯನ್ನು ಸ್ವಲ್ಪ ಉಜ್ಜಿ, ಕಂಪನಿಯ ಹೆಸರು ಕಾಣುತ್ತದಾ ನೋಡಿ. ನನಗೆ ಹಾಗೆ ಸಿಕ್ಕಿದ್ದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ತಯಾರಾದ ರೆಕಾರ್ಡ್ ಕಂಪನಿಯ ವೈಸ್, 4 ಇಂಚಿನ ದವಡೆಯದ್ದು. ತುಕ್ಕು ಎಷ್ಟಿದ್ದರೂ ಹೆದರಬೇಡಿ. ಎರಕದಲ್ಲಿ ಬಿರುಕಿದ್ದರೆ ಮಾತ್ರ ಬಿಟ್ಟುಬಿಡಿ. ಬೀಡು ಕಬ್ಬಿಣಕ್ಕೆ ಬೆಸುಗೆ ಹಾಕುವುದು ಸುಲಭವಲ್ಲ.

ಮೊದಲು ಬಿಚ್ಚಿ, ಒಂದೊಂದು ಭಾಗಕ್ಕೂ ಫೋಟೊ ತೆಗೆದುಕೊಳ್ಳಿ. ಕಷ್ಟ ಕೊಡುವುದು ದವಡೆಯ ಪ್ಲೇಟ್ ಹಿಡಿದ ಸ್ಕ್ರೂಗಳು. ಅವಸರದಲ್ಲಿ ನಾನು ಒಂದನ್ನು ತುಂಡು ಮಾಡಿದೆ. ಡ್ರಿಲ್ ಹಾಕಿ ತೆಗೆಯಲು ಒಂದು ಭಾನುವಾರ ಪೂರ್ತಿ ಹೋಯಿತು. ನೀವು ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಮೂರು ದಿನ ಕಾಯಿರಿ. ಆಮೇಲೆ ಸೀಳಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಇಟ್ಟು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ತಿರುಗಿಸಿ.

ಹಳೇ ಬಣ್ಣದಲ್ಲಿ ಸೀಸ ಇರಬಹುದು. ಒಣ ಉಜ್ಜಿ ಧೂಳೆಬ್ಬಿಸಬೇಡಿ. ತುಕ್ಕು, ಬಣ್ಣ ಎರಡಕ್ಕೂ ನನ್ನ ಆಯ್ಕೆ ವಿದ್ಯುತ್ ಸ್ನಾನ, ಅಂದರೆ ಸೋಡಾ ನೀರಲ್ಲಿ ಮುಳುಗಿಸಿ ವಿದ್ಯುತ್ ಹರಿಸುವುದು. ಪ್ಲಾಸ್ಟಿಕ್ ಬಕೆಟ್‌ನಲ್ಲಿ 10 ಲೀಟರ್ ನೀರು, ಮೂರು ದೊಡ್ಡ ಚಮಚ ವಾಷಿಂಗ್ ಸೋಡಾ. 12 ವೋಲ್ಟ್ ಚಾರ್ಜರ್‌ನ ನೆಗೆಟಿವ್ ವೈಸ್‌ಗೆ, ಪಾಸಿಟಿವ್ ಬೇರೊಂದು ಕಬ್ಬಿಣದ ತುಂಡಿಗೆ. ಎರಡೂ ಒಂದಕ್ಕೊಂದು ತಾಗಬಾರದು. ಆ ತುಂಡು ಸ್ಟೇನ್‌ಲೆಸ್ ಸ್ಟೀಲ್ ಆಗಲೇಬಾರದು, ನೀರು ವಿಷವಾಗುತ್ತದೆ. ಹೈಡ್ರೋಜನ್ ಅನಿಲ ಏಳುವುದರಿಂದ ಬಯಲಲ್ಲೇ ಮಾಡಿ, ಬೆಂಕಿ ದೂರವಿರಲಿ. ಚಾರ್ಜರ್ ಆಫ್ ಮಾಡದೆ ಕೈ ಹಾಕಬೇಡಿ. ಒಂದಿಡೀ ದಿನ ಬಿಟ್ಟು ಹೊರತೆಗೆದರೆ ಕಪ್ಪು ಮಸಿ ಬ್ರಶ್‌ಗೆ ಬಂದುಬಿಡುತ್ತದೆ. ತಕ್ಷಣ ತೊಳೆದು, ಬಿಸಿಲಲ್ಲಿ ಒಣಗಿಸಿ. ತಡವಾದರೆ ಕಣ್ಣೆದುರೇ ಮತ್ತೆ ತುಕ್ಕು.

ಇನ್ನು ಅಂದದ ಕೆಲಸ. ಎಲ್ಲವನ್ನೂ ಕನ್ನಡಿಯಂತೆ ಮಾಡಲು ಹೊರಟರೆ ವೈಸ್ ಕೆಡುತ್ತದೆ. ಕಾರ್ಖಾನೆಯಲ್ಲಿ ಎರಕ ಒರಟಾಗಿ ಉಳಿದ ಕಡೆ ಬಣ್ಣ, ಮೆಷಿನ್ ಓಡಿದ ಕಡೆ ಹೊಳಪು, ಅಷ್ಟೇ. ದವಡೆ ಪ್ಲೇಟಿನ ಹಲ್ಲುಗಳಿಗೆ ಎಮರಿ (ಉಜ್ಜುವ ಒರಟು ಕಾಗದ) ತಾಗಿಸಲೇಬೇಡಿ. ಹಿಡಿಯನ್ನು 180, 240, 400 ನಂಬರಿನ ಎಮರಿ ಕಾಗದದಲ್ಲಿ ಕ್ರಮವಾಗಿ ಉಜ್ಜಿ. ಹೊಳೆಯಬೇಕಾದ ಜಾಗಕ್ಕೆಲ್ಲ ಟೇಪ್ ಅಂಟಿಸಿ, ಪ್ರೈಮರ್ ಕೊಟ್ಟು, ತೆಳುವಾಗಿ ಮೂರು ಕೋಟ್ ಎನಾಮಲ್ ಹಚ್ಚಿ. ರೆಕಾರ್ಡ್ ವೈಸ್‌ಗೆ ಅದರದೇ ನೀಲಿ ಬೇಕು. ಸ್ನಾನಕ್ಕೆ ಇಳಿಸುವ ಮುಂಚೆಯೇ, ಜಿಡ್ಡಿನಡಿ ಉಳಿದ ಚೂರು ಬಣ್ಣವನ್ನು ಮಾದರಿಗೆ ಎತ್ತಿಟ್ಟುಕೊಳ್ಳಿ. ಬಣ್ಣ ಗಟ್ಟಿಯಾಗಲು ಒಂದು ವಾರವಾದರೂ ಬಿಡಿ.

ಜೋಡಿಸುವಾಗ ಸ್ಕ್ರೂವಿನ ಸುರುಳಿ ಗೆರೆಗಳಿಗೆ ಗ್ರೀಸ್, ಜಾರುವ ಭಾಗಕ್ಕೆ ತೆಳು ಎಣ್ಣೆ. ಕೊನೆಗೆ ದವಡೆಯ ಎರಡು ತುದಿಗೂ ಒಂದೊಂದು ಕಾಗದದ ಚೂರು ಇಟ್ಟು ಬಿಗಿದು, ಎಳೆದು ನೋಡಿ. ಒಂದು ಜಾರಿ ಬಂದರೆ ಪ್ಲೇಟನ್ನು ಮತ್ತೆ ಬಿಚ್ಚಿ. ಹೆಚ್ಚಾಗಿ ಅದರ ಹಿಂದೆ ಒಂದು ತೊಟ್ಟು ಬಣ್ಣ ಗಟ್ಟಿಯಾಗಿ ಕೂತಿರುತ್ತದೆ.