ಸಿಡುಬಿನ ಸುಳಿವು ಐದು ವಾರ ಮೊದಲೇ ಸಿಕ್ಕಿತು: ನನ್ನ ಅನುಭವ

ಕಳೆದ ಎರಡು ವರ್ಷಗಳಲ್ಲಿ ನನ್ನ ಶೆಡ್ಡಿನಲ್ಲಿ ಸೊಳ್ಳೆ ಹರಡುವ ಕೋಳಿ ಸಿಡುಬಿನಿಂದ ಸತ್ತ ಮರಿಗಳು ಐದಾರು ಮಾತ್ರ. ಬೀಳಗಿ ತಾಲ್ಲೂಕಿನಲ್ಲಿ, ಆಲಮಟ್ಟಿ ಹಿನ್ನೀರಿನ ಅಂಚಿನಲ್ಲಿ ಜವಾರಿ ಕೋಳಿ ಸಾಕುವವರಿಗೆ ಇದರ ಬೆಲೆ ಗೊತ್ತು. 2022ರಲ್ಲಿ ನಾನೂರಕ್ಕೂ ಹೆಚ್ಚು ಮರಿಗಳಿದ್ದವು, ನೂರಹತ್ತರಷ್ಟು ಹೋದವು. ಗಂಟಲಲ್ಲಿ ಹುಣ್ಣಾಗಿ ಕಾಳು ಬಿಟ್ಟು ಸತ್ತವೇ ಹೆಚ್ಚು. ಮೂವತ್ತೈದು ಸಾವಿರ ರೂಪಾಯಿಯಷ್ಟು ನಷ್ಟ.

ರೋಗ ಯಾವಾಗ ಬರುತ್ತದೆ ಎಂದು ಮೊದಲೇ ಹೇಳುವ ಗಣಿತದ ಮಾದರಿಯೊಂದನ್ನು ಕಟ್ಟಲು ಹೊರಟೆ. ‘ಲಸಿಕೆ ಹಾಕಿದರೆ ಮುಗಿಯಿತು, ಇದಕ್ಕೆ ಗಣಿತ ಏಕೆ?’ ಎಂದು ಎಲ್ಲರೂ ಕೇಳಿದರು. ಜವಾರಿ ಕೋಳಿ ವರ್ಷವಿಡೀ ಕಾವಿಗೆ ಕೂರುತ್ತದೆ. ಈ ವಾರ ಮೂವತ್ತು ಮರಿ, ಮುಂದಿನ ವಾರ ಹನ್ನೆರಡು. ಕಲಸಿದ ಲಸಿಕೆ ಎರಡು ತಾಸಿನೊಳಗೆ ಮುಗಿಯಬೇಕು. ಹನ್ನೆರಡು ಮರಿಗಳಿಗಾಗಿ ಇಡೀ ಸೀಸೆಯನ್ನು ಒಡೆದು ಉಳಿದದ್ದನ್ನು ಚೆಲ್ಲಲು ನನ್ನಿಂದಾಗದು. ಯಾವ ವಾರ ಒಡೆಯಬೇಕು ಎಂಬುದೇ ನನ್ನ ಪ್ರಶ್ನೆಯಾಗಿತ್ತು.

ಮೊದಲ ತಪ್ಪು ದೊಡ್ಡದು. ಸೊಳ್ಳೆಯಿಂದಲೇ ಹರಡುವ ಇನ್ನೊಂದು ಸೋಂಕಾದ ವೆಸ್ಟ್ ನೈಲ್ ವೈರಸ್ಸಿನ ರಾಸ್–ಮ್ಯಾಕ್‌ಡೊನಾಲ್ಡ್ ಮಾದರಿಯನ್ನು (ಸೊಳ್ಳೆಯಿಂದ ರೋಗ ಹೇಗೆ ಹಬ್ಬುತ್ತದೆ ಎಂದು ಅಂದಾಜಿಸುವ ಗಣಿತ) ಹಾಗೆಯೇ ತಂದು ಕೂರಿಸಿದೆ. ದಿನದ ಸರಾಸರಿ ಉಷ್ಣಾಂಶ 14.3 ಡಿಗ್ರಿಯನ್ನು ಎಷ್ಟು ಮೀರುತ್ತದೋ ಅದನ್ನು ದಿನದಿನವೂ ಕೂಡಿಸುತ್ತ ಹೋಗಿ 109 ಆದರೆ ಸೊಳ್ಳೆ ಸೋಂಕು ದಾಟಿಸಲು ಸಿದ್ಧ ಎಂಬ ಲೆಕ್ಕ. ಸರಾಸರಿ 33 ಡಿಗ್ರಿಯ ಮೇ ತಿಂಗಳಿಗೆ ಆರು ದಿನ, 22 ಡಿಗ್ರಿಯ ಡಿಸೆಂಬರಿಗೆ ಹದಿನಾಲ್ಕು ದಿನ. ಮಾದರಿ ಮೇ–ಜೂನ್ ಎಂದಿತು, ಆಗಲೇ ಲಸಿಕೆ ಹಾಕಿದೆ. ರೋಗ ಬಂದದ್ದು ದೀಪಾವಳಿಯ ನಂತರ, ಅಷ್ಟರಲ್ಲಿ ಹುಟ್ಟಿದ್ದ ಹೊಸ ಮರಿಗಳಿಗೆ.

ಕಾರಣ ಹೊಳೆಯಲು ಮೂರು ತಿಂಗಳು ಹಿಡಿಯಿತು. ವೆಸ್ಟ್ ನೈಲ್ ವೈರಸ್ ಸೊಳ್ಳೆಯ ಒಡಲಲ್ಲಿ ಬೆಳೆದು ಜೊಲ್ಲಿಗೆ ಬರಬೇಕು. ಸಿಡುಬಿನ ವೈರಸ್ ಸೊಳ್ಳೆಯೊಳಗೆ ಬೆಳೆಯುವುದೇ ಇಲ್ಲ. ಸೊಂಡಿಲಿಗೆ ಅಂಟಿಕೊಂಡು ಮುಂದಿನ ಕೋಳಿಗೆ ಹೋಗುತ್ತದೆ, ಅಷ್ಟೆ. ಕಾಯುವ ದಿನಗಳ ಘಾತಪದವನ್ನು, ಅಂದರೆ ಅಷ್ಟು ದಿನ ಸೊಳ್ಳೆ ಬದುಕುಳಿಯುವ ಸಂಭವವನ್ನು ಲೆಕ್ಕ ಹಾಕುವ ಭಾಗವನ್ನು, ಕಿತ್ತುಹಾಕಿದೆ. ಚಳಿಗಾಲದ ಆರಂಭಕ್ಕೆ ಮಾದರಿ ಕೊಡುತ್ತಿದ್ದ ಸುಳ್ಳು ರಿಯಾಯಿತಿ ಅಲ್ಲಿಗೆ ನಿಂತಿತು.

ಸೊಳ್ಳೆಯ ಸಂಖ್ಯೆಗೆ ಮಳೆಯನ್ನು ನಂಬಿದ್ದೆ. 2023ರಲ್ಲಿ ಅದೂ ಕೈಕೊಟ್ಟಿತು. ಬರದ ವರ್ಷ, ಮಳೆ ಕಡಿಮೆ, ಸೊಳ್ಳೆಯೂ ಕಡಿಮೆ ಎಂದು ಮಾದರಿ ಹೇಳಿತು. ಅಕ್ಟೋಬರಿನಲ್ಲಿ ಅರವತ್ತು ಮರಿಗಳ ಮುಖದ ಮೇಲೆ ಗಂಟು ಎದ್ದಿತು. ನಮ್ಮ ಚರಂಡಿಗಳ ಕ್ಯೂಲೆಕ್ಸ್ ಜಾತಿಯ ಸೊಳ್ಳೆಗೆ ಬೇಕಾದದ್ದು ಕೊಳೆತು ನಿಂತ ನೀರು. ಜೋರು ಮಳೆ ಚರಂಡಿಯನ್ನು ತೊಳೆದು ಅದರ ಮರಿಹುಳುಗಳನ್ನೂ ಕೊಚ್ಚಿಕೊಂಡು ಹೋಗುತ್ತದೆ. ಹಾಗಾಗಿ ಮಿಲಿಮೀಟರ್ ಬಿಟ್ಟು, ಕೊನೆಯ ಜೋರು ಮಳೆಯ ನಂತರ ಕಳೆದ ಒಣ ದಿನಗಳನ್ನು ಎಣಿಸತೊಡಗಿದೆ. ಇಡೀ ಕೆಲಸದಲ್ಲಿ ನನಗೆ ಹೆಮ್ಮೆ ಇರುವುದು ಈ ಒಂದು ಬದಲಾವಣೆಯ ಬಗ್ಗೆ.

ಉಷ್ಣಾಂಶಕ್ಕೆ ನಾಸಾದ ‘ಪವರ್’ ಎಂಬ ಉಚಿತ ಹವಾಮಾನ ದತ್ತಾಂಶ ಸಾಕೆಂದುಕೊಂಡಿದ್ದೆ. ತಗಡಿನ ಶೆಡ್ಡಿನೊಳಗೆ ಮಧ್ಯಾಹ್ನ ಅದಕ್ಕಿಂತ ಮೂರು–ನಾಲ್ಕು ಡಿಗ್ರಿ ಹೆಚ್ಚು. ಒಂಬತ್ತು ಸಾವಿರ ಕೊಟ್ಟು ತಂದ ಹವಾಮಾನ ಯಂತ್ರ ಎರಡನೇ ಮಳೆಗಾಲ ಕಾಣಲಿಲ್ಲ. ಉಷ್ಣಾಂಶ ದಾಖಲಿಸುವ ಸಾವಿರದೆಂಟುನೂರರ ಸಣ್ಣ ಲಾಗರ್ ಇನ್ನೂ ನಡೆಯುತ್ತಿದೆ.

ಸೊಳ್ಳೆ ಎಣಿಸಲು ಬೆಳಕಿನ ಬಲೆಗೆ ನಾಲ್ಕೂವರೆ ಸಾವಿರ ಸುರಿದೆ. ರಾತ್ರಿ ಕರೆಂಟ್ ಹೋಗುತ್ತಿತ್ತು, ಇದ್ದಾಗ ಪತಂಗ, ದುಂಬಿಗಳೇ ತುಂಬುತ್ತಿದ್ದವು. ಕೊನೆಗೆ ಗೆದ್ದದ್ದು ಕಪ್ಪು ಬಕೆಟ್ ಮತ್ತು ಜೋಳದ ಕಣಕಿ (ಒಣ ದಂಟು) ನೆನೆಸಿದ ನೀರು. ಕ್ಯೂಲೆಕ್ಸ್ ರಾತ್ರಿ ಬಂದು ಮೊಟ್ಟೆಗಳ ತೆಪ್ಪ ತೇಲಿಬಿಡುತ್ತದೆ. ಬೆಳಿಗ್ಗೆ ತೆಪ್ಪ ಎಣಿಸಿ, ಎತ್ತಿ ಬಿಸಿಲಿನ ಕಲ್ಲಿಗೆ ಒರೆಸುತ್ತೇನೆ. ಕಬ್ಬಿನ ರವದಿಯ (ಒಣ ಗರಿಯ) ನೀರನ್ನೂ ಪಕ್ಕದಲ್ಲಿಟ್ಟು ನೋಡಿದೆ, ಅರ್ಧದಷ್ಟೂ ಬರಲಿಲ್ಲ. ಮೆಕ್ಕೆಜೋಳದ ದಂಟು ಪರವಾಗಿಲ್ಲ. ಕಣಕಿ ಎಷ್ಟು ದಿನ ನೆನೆಯಬೇಕು, ಜೊತೆಗೆ ಇನ್ನೇನು ಹಾಕುತ್ತೇನೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಆ ದುರ್ವಾಸನೆಯಲ್ಲಿ ಎರಡು ವರ್ಷ ಕಳೆದು ಕಲಿತದ್ದು ಅದು.

ಹಿನ್ನೀರಿಗೆ ಬರುವ ರಾಜಹಂಸಗಳೇ ರೋಗ ತರುತ್ತವೆ ಎಂದು ಊರಲ್ಲಿ ಹೇಳುವವರಿದ್ದಾರೆ. ನನ್ನ ಡೈರಿಯ ಪ್ರಕಾರ ಎರಡೂ ಸಲ ಮೊದಲ ಗಂಟು ಕಂಡದ್ದು ಅವು ಇಳಿಯುವ ಮೊದಲೇ. ಆ ಹಕ್ಕಿಗಳ ಮೇಲೆ ಕಲ್ಲು ಬೀಳಬಾರದು ಎಂಬ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ.

ಈ ತೆಪ್ಪಗಳ ಎಣಿಕೆಯೇ ಮಾದರಿಗೆ ಸುಳಿವು. ತೆಪ್ಪದ ಮೊಟ್ಟೆ ಹಾರುವ ಸೊಳ್ಳೆಯಾಗಲು ಹತ್ತು ದಿನ. ಕಚ್ಚಿದ ಮೇಲೆ ಗಂಟು ಏಳಲು ನಾಲ್ಕರಿಂದ ಹತ್ತು ದಿನ. ಅಲ್ಲೊಂದು ಇಲ್ಲೊಂದು ಕೋಳಿಯಿಂದ ಶೆಡ್ಡಿಗೆಲ್ಲ ಹಬ್ಬಲು ಇನ್ನೊಂದು ಸುತ್ತು. ಒಟ್ಟು ಐದು ವಾರ. ರೆಕ್ಕೆಯ ಪೊರೆಗೆ ಚುಚ್ಚಿದ ಲಸಿಕೆ ಹಿಡಿಯಲು ಎರಡು ವಾರ ಸಾಕು. 2024ರಲ್ಲಿ ಮಾದರಿಯ ಎಚ್ಚರಿಕೆ ಬಂದದ್ದು ಸೆಪ್ಟೆಂಬರ್ ಕೊನೆಗೆ. ಇನ್ನೂರೆಪ್ಪತ್ತು ಮರಿಗಳಿಗೆ ಒಂದೇ ಬೆಳಿಗ್ಗೆ ಚುಚ್ಚಿದೆ. ನವೆಂಬರ್ ಆರಂಭದಲ್ಲಿ ಪಕ್ಕದ ಹೊಲದವರ ಕೋಳಿಗಳಿಗೆ ಬಂತು, ನನ್ನ ಶೆಡ್ಡಿಗೆ ಹಬ್ಬಲಿಲ್ಲ. ‘ನಿಮ್ಮ ಅದೃಷ್ಟ’ ಎಂದರು. 2025ರಲ್ಲೂ ಹಾಗೆಯೇ ಆದಾಗ, ಅದೇ ನೆರೆಯವರು ತಮ್ಮ ಬಕೆಟ್ ಹಿಡಿದುಕೊಂಡು ಬಂದು ಎಲ್ಲಿ ಇಡಬೇಕೆಂದು ಕೇಳಿದರು. ಅವರ ಚರಂಡಿಯ ನೆರಳಿನ ಬದಿಯಲ್ಲಿ ಇಟ್ಟುಕೊಟ್ಟೆ. ಮೊದಲ ಬೆಳಿಗ್ಗೆಯೇ ಹದಿನೇಳು ತೆಪ್ಪ ಸಿಕ್ಕಿದವು.