ಮೌತ್ ಆರ್ಗನ್ ರೀಡ್ ಅಂಟ್ಕೊಳ್ದಂಗೆ ನೋಡ್ಕೊಳೋದು ಹೆಂಗೆ

ಚೆನ್ನಾಗಿ ನುಡೀತಿದ್ದ ಮೌತ್ ಆರ್ಗನ್‌ನಲ್ಲಿ ಒಂದು ಸ್ವರ ಇದ್ದಕ್ಕಿದ್ದಂಗೆ ಸತ್ತೋಯ್ತು ಅಂದ್ರೆ ಸುಮಾರು ಜನ ಮಾಡೋದು ಎರಡೇ ಕೆಲಸ, ಒಂದು ಇನ್ನೂ ಜೋರಾಗಿ ಊದೋದು, ಇಲ್ಲಾಂದ್ರೆ ಸೇಫ್ಟಿ ಪಿನ್ ತಗೊಂಡು ತೂತೊಳಗೆ ಕೆದ್ಕೋದು. ದಯವಿಟ್ಟು ಎರಡೂ ಮಾಡ್ಬೇಡಿ. ಅಂಟ್ಕೊಂಡ ರೀಡ್, ಅಂದ್ರೆ ಒಳಗೆ ನುಡಿಯೋ ಸಣ್ಣ ಪಟ್ಟಿ, ಮುಕ್ಕಾಲು ಪಾಲು ಸಲ ಬರೀ ತೇವಕ್ಕೋ ಒಂದು ಚೂರು ಕಸಕ್ಕೋ ನಿಂತಿರುತ್ತೆ, ಅದು ವಾಪಸ್ ಬರುತ್ತೆ. ಪಿನ್ ತಾಗಿ ಬಗ್ಗಿದ ರೀಡ್ ಮೊದಲಿನ ಥರ ಆಗೋದು ಬಹಳ ಕಷ್ಟ.

ಒಳಗೆ ಏನಿದೆ ಅಂತ ಮೊದ್ಲು ಗೊತ್ತಿರ್ಲಿ. ಮೇಲೊಂದು ಕೆಳಗೊಂದು ಹಿತ್ತಾಳೆ ಪ್ಲೇಟು, ಅದ್ರಲ್ಲಿ ಉದ್ದುದ್ದಕ್ಕೆ ಸೀಳು, ಪ್ರತಿ ಸೀಳಿನ ಮೇಲೂ ಒಂದು ಸಣ್ಣ ಹಿತ್ತಾಳೆ ಪಟ್ಟಿ, ಅದೇ ರೀಡು. ಒಂದು ತುದಿ ರಿವೆಟ್ ಹೊಡ್ದು ಕೂರಿಸಿರ್ತಾರೆ, ಇನ್ನೊಂದು ತುದಿ ಫ್ರೀ. ಉಸಿರು ಹೋದಾಗ ಆ ಫ್ರೀ ತುದಿ ಸೀಳಿನೊಳಗೆ ಹೋಗಿ ಬಂದು ಹೋಗಿ ಬಂದು ನುಡಿಯುತ್ತೆ. ಒಂದೇ ಸ್ಕೇಲಿನ ಸ್ವರಗಳಿರೋ 10 ತೂತಿನ ಡಯಾಟೋನಿಕ್‌ನಲ್ಲಿ ಇಂಥವು 20, ನಮ್ಮಲ್ಲಿ ಹೆಚ್ಚು ಜನ ಶುರು ಮಾಡೋ 24 ತೂತಿನ ಟ್ರೆಮೊಲೊದಲ್ಲಿ (ಪ್ರತಿ ಸ್ವರಕ್ಕೂ ಎರಡೆರಡು ರೀಡ್ ಇರೋದು) 48. ರೀಡಿನ ಅಂಚಿಗೂ ಸೀಳಿನ ಅಂಚಿಗೂ ಮಧ್ಯೆ ಇರೋ ಸಂದು ಮಿಲಿಮೀಟರಿನ ನೂರರಲ್ಲಿ ಕೆಲವೇ ಭಾಗ, ಅಷ್ಟು ಜಾಗಕ್ಕೆ ಒಂದು ಹನಿ ನೀರು ಸಿಕ್ಕಿಹಾಕ್ಕೊಂಡ್ರೂ ರೀಡ್ ನಿಂತುಬಿಡುತ್ತೆ.

ಈ ನೀರು ಎಂಜಲು ಅಂತ ಎಲ್ಲರೂ ಅಂದ್ಕೊಳ್ತಾರೆ, ಎಂಜಲೂ ಇರುತ್ತೆ, ಆದ್ರೆ ಎಷ್ಟೋ ಸಲ ಅದು ನಮ್ಮ ಉಸಿರಿನ ಆವಿ. ಇಡ್ಲಿ ಪಾತ್ರೆ ಮುಚ್ಚಳ ತೆಗ್ದಾಗ ಕನ್ನಡಕ ಮಂಜಾಗುತ್ತಲ್ಲ, ಅದೇ ಕಥೆ, ಬೆಚ್ಚಗಿರೋ ಒದ್ದೆ ಗಾಳಿ ತಣ್ಣಗಿರೋ ಹಿತ್ತಾಳೆಗೆ ತಗುಲಿ ನೀರಾಗುತ್ತೆ. ಬೆಂಗ್ಳೂರಲ್ಲಿ ಡಿಸೆಂಬರ್ ಜನವರಿ ಬೆಳಗ್ಗೆ 15-16 ಡಿಗ್ರಿ ಇರುತ್ತೆ, ಆ ಹೊತ್ತಲ್ಲಿ ಬ್ಯಾಗಿಂದ ತೆಗ್ದು ಲಾಲ್‌ಬಾಗ್ ಬೆಂಚ್ ಮೇಲೆ ಕೂತು ಡೈರೆಕ್ಟಾಗಿ ನುಡಿಸೋಕೆ ಶುರು ಮಾಡಿದ್ರೆ ಐದು ನಿಮಿಷಕ್ಕೆ ಯಾವ್ದೋ ಒಂದು ರೀಡ್ ಕೈ ಕೊಡುತ್ತೆ. ಮಳೆಗಾಲದಲ್ಲಿ ಬೇರೆ ತೊಂದ್ರೆ, ಒಳಗೆ ಸೇರಿದ ತೇವ ಬೇಗ ಆರೋದೇ ಇಲ್ಲ.

ಅದಕ್ಕೇ ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಉಪಾಯ, ನುಡಿಸೋಕೆ ಮುಂಚೆ ಮೌತ್ ಆರ್ಗನ್ ಬೆಚ್ಚಗೆ ಮಾಡ್ಕೊಳೋದು. ಮೈ ಬಿಸಿ ಸಾಕು. ಒಂದು ಹತ್ತು ನಿಮಿಷ ಸ್ವೆಟರ್ ಒಳಗೆ ಇಟ್ಕೊಳಿ ಅಥವಾ ಎರಡೂ ಅಂಗೈಯಲ್ಲಿ ಮುಚ್ಚಿ ಹಿಡ್ಕೊಳಿ, ಮುಟ್ಟಿದ್ರೆ ತಣ್ಣಗೆ ಅನ್ನಿಸ್ಬಾರ್ದು ಅಷ್ಟೇ. ಹೇರ್ ಡ್ರೈಯರ್ ಬೇಡ, ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡೋದಂತೂ ಬೇಡ್ವೇ ಬೇಡ, ಮರದ ಕೋಂಬ್ ಇದ್ರೆ ಬಿರುಕು ಬಿಡುತ್ತೆ, ಪ್ಲಾಸ್ಟಿಕ್ ಇದ್ರೆ ಸೊಟ್ಟ ಆಗುತ್ತೆ. ಕೋಂಬ್ ಅಂದ್ರೆ ಎರಡು ರೀಡ್ ಪ್ಲೇಟಿನ ಮಧ್ಯೆ ಇರೋ ತೂತುಗಳ ಭಾಗ.

ಎರಡನೇದು ಬಾಯಿ. ಚುರುಮುರಿ ತಿಂದು ಹಂಗೇ ನುಡ್ಸೋದು, ಕಡ್ಲೆಕಾಯಿ ತಿಂತಾ ತಿಂತಾ ನುಡ್ಸೋದು, ಕಾಫಿ ಕುಡ್ದು ಬಾಯಿ ಮುಕ್ಕಳಿಸದೆ ನುಡ್ಸೋದು, ಎಲೆ ಅಡಿಕೆ ಬಗ್ಗೆ ಹೇಳೋದೇ ಬೇಡ, ಇವೆಲ್ಲ ರೀಡಿಗೆ ವಿಷ. ಕಡ್ಲೆಕಾಯಿ ಬೀಜದ ಮೇಲಿರೋ ಕೆಂಪು ಸಿಪ್ಪೆ ಇದ್ಯಲ್ಲ, ಅದರದ್ದೊಂದು ಚೂರು ಸಂದಿಗೆ ಹೋದ್ರೆ ಮುಗೀತು, ತಟ್ಟಿದ್ರೂ ಬರಲ್ಲ. ಸಕ್ಕರೆ ಇನ್ನೂ ಕೆಟ್ಟದ್ದು ಯಾಕಂದ್ರೆ ನೀರು ಆರಿದ್ಮೇಲೆ ಅಂಟು ಉಳಿಯುತ್ತೆ, ಮರುದಿನ ರೀಡ್ ನಿಜವಾಗ್ಲೂ ಅಂಟ್ಕೊಂಡಿರುತ್ತೆ. ಏನಾದ್ರೂ ತಿಂದಿದ್ರೆ ಬಾಯಿ ಚೆನ್ನಾಗಿ ಮುಕ್ಕಳಿಸಿ ಸ್ವಲ್ಪ ಹೊತ್ತು ಬಿಟ್ಟು ನುಡ್ಸಿ. ಆಮೇಲೆ ತಲೆ ಬಗ್ಗಿಸಿ ಮೊಬೈಲಲ್ಲಿ ಟ್ಯಾಬ್ (ಯಾವ ತೂತು ಊದ್ಬೇಕು, ಯಾವುದು ಎಳೀಬೇಕು ಅಂತ ಬರೆದಿರೋದು) ನೋಡ್ಕೊಂಡು ನುಡಿಸೋ ಅಭ್ಯಾಸ ಇದ್ರೆ ಬಿಟ್ಬಿಡಿ, ಎಂಜಲೆಲ್ಲ ಇಳಿದು ಸೀದಾ ತೂತಿಗೇ ಹೋಗುತ್ತೆ. ಮೊಬೈಲನ್ನ ಕಣ್ಣಿನ ಮಟ್ಟಕ್ಕೆ ಎತ್ತಿಡಿ, ತಲೆ ನೆಟ್ಟಗಿರ್ಲಿ.

ಇಷ್ಟೆಲ್ಲ ಮಾಡಿದ್ಮೇಲೂ ಒಂದು ಸ್ವರ ನಿಂತ್ರೆ, ಮೊದ್ಲು ಅದು ನಿಜವಾಗ್ಲೂ ಅಂಟ್ಕೊಂಡಿದ್ಯಾ ನೋಡಿ. ಡಯಾಟೋನಿಕ್ ಹೊಸದಾಗಿ ಕಲಿಯೋರಿಗೆ 2ನೇ ತೂತಲ್ಲಿ ಉಸಿರು ಎಳ್ದಾಗ ಬರೋ ಸ್ವರ ಬರೋದೇ ಇಲ್ಲ, ಇಲ್ಲಾ ಇಳಿದೋದಂಗೆ ಕೇಳುತ್ತೆ, ಪೀಸೇ ಡಿಫೆಕ್ಟು ಅಂತ ಅಂಗಡಿಗೆ ವಾಪಸ್ ತಗೊಂಡು ಹೋಗ್ತಾರೆ. ರೀಡ್ ಸರಿಯಾಗೇ ಇರುತ್ತೆ, ದವಡೆ ನಾಲಿಗೆ ಬಿಗಿಯಾಗಿರೋದ್ರಿಂದ ಸ್ವರ ಬೆಂಡ್ ಆಗಿ, ಅಂದ್ರೆ ಶ್ರುತಿ ಕೆಳಕ್ಕೆ ಬಾಗಿ, ಸಾಯ್ತಿರುತ್ತೆ. ಆಕಳಿಸೋ ಥರ ಗಂಟಲು ಸಡಿಲ ಬಿಟ್ಟು ಮೂಗು ಮುಚ್ಕೊಂಡು ಮೆಲ್ಲಗೆ ಎಳೀರಿ, ಬಂತು ಅಂದ್ರೆ ವಾದ್ಯದ ತಪ್ಪಲ್ಲ.

ಹಂಗೂ ಬರ್ಲಿಲ್ಲ ಅಂದ್ರೆ ತೂತುಗಳು ಕೆಳಗೆ ಬರೋ ಹಂಗೆ ಹಿಡ್ದು ಅಂಗೈಗೆ ಮೆತ್ತಗೆ ನಾಲ್ಕೈದು ಸಲ ತಟ್ಟಿ. ಮೇಜಿಗೆ ಕುಟ್ಬೇಡಿ. ಆಮೇಲೆ ಅದೇ ತೂತಲ್ಲಿ ಒಂದು ಸಲ ಊದಿ ಒಂದು ಸಲ ಎಳ್ದು, ಮೆತ್ತಗೆ, ಜೋರು ಮಾಡೋಕೆ ಹೋಗ್ದೆ ಮಾಡ್ತಾ ಇರಿ. ತೇವ ಆದ್ರೆ ಇಷ್ಟಕ್ಕೇ ಬಿಟ್ಕೊಳುತ್ತೆ.

ಪ್ಲಾಸ್ಟಿಕ್ ಕೋಂಬ್ ಇರೋ ಡಯಾಟೋನಿಕ್ ಅಥವಾ ಟ್ರೆಮೊಲೊ ಆದ್ರೆ ಉಗುರುಬೆಚ್ಚಗಿನ ನೀರಲ್ಲಿ ತೊಳೀಬಹುದು, ಬಿಸಿನೀರು ಬೇಡ, ಸೋಪು ಬೇಡ, ಸ್ಯಾನಿಟೈಸರ್ ಜೆಲ್ ಅಂತೂ ಮುಟ್ಟಿಸ್ಲೇಬೇಡಿ. ತೊಳ್ದು ತಟ್ಟಿ ನೀರು ಇಳಿಸಿ ಫ್ಯಾನ್ ಕೆಳಗೆ ಪೂರ್ತಿ ಆರೋಕೆ ಬಿಡಿ. ಮರದ ಕೋಂಬ್ ಇದ್ರೆ ತೊಳಿಯೋ ಹಾಗಿಲ್ಲ, ಮರ ನೀರು ಕುಡ್ದು ಉಬ್ಬುತ್ತೆ, ತೂತಿನ ಮಧ್ಯದ ಗೋಡೆಗಳು ಹೊರಗೆ ಚಾಚ್ಕೊಂಡು ತುಟಿಗೇ ಕುಯ್ಯುತ್ತೆ. ಎಣ್ಣೆ ಯಾವುದಕ್ಕೂ ಬೇಡ, ಕೊಬ್ರಿ ಎಣ್ಣೆನೂ ಅಲ್ಲ, ಮೆಷಿನ್ ಆಯಿಲ್ಲೂ ಅಲ್ಲ. ಎಣ್ಣೆ ಧೂಳು ಹಿಡಿಯುತ್ತೆ, ಈ ಊರಲ್ಲಿ ಧೂಳಿಗೇನು ಕಮ್ಮಿನಾ.

ಈಗ ಬಿಚ್ಚೋ ವಿಷಯ. ಕವರ್ ಪ್ಲೇಟ್, ಅಂದ್ರೆ ಹೊರಗಿನ ತಗಡಿನ ಮುಚ್ಚಳ, ಸ್ಕ್ರೂ ಹಾಕಿದ್ದಿದ್ರೆ ಬಿಚ್ಚಬಹುದು, ಮೊಳೆ ಹೊಡ್ದಿದ್ರೆ ಅಭ್ಯಾಸ ಇಲ್ದೋರು ಕೈ ಹಾಕ್ಬೇಡಿ. ಸಣ್ಣ ಸ್ಕ್ರೂಡ್ರೈವರ್ ಸೆಟ್ಟು ಬೆಂಗ್ಳೂರಿನ ಎಸ್.ಪಿ. ರೋಡಲ್ಲಿ ಸುಲಭವಾಗಿ ಸಿಗುತ್ತೆ, ಸ್ಕ್ರೂ ತಲೆಗೆ ಸರಿಯಾಗಿ ಕೂರೋದೇ ತಗೊಳಿ, ಇಲ್ಲಾಂದ್ರೆ ತಲೆ ಸವ್ದೋಗುತ್ತೆ. ಡಯಾಟೋನಿಕ್‌ನಲ್ಲಿ ಕೆಳಗಿನ ಕವರ್ ತೆಗ್ದ ತಕ್ಷಣ ಎಳೆಯೋ ಸ್ವರಗಳ ರೀಡು ಕಣ್ಣಿಗೇ ಕಾಣುತ್ತೆ. ಮೇಲಿನ ಕವರ್ ತೆಗ್ದ್ರೆ ಬರೀ ಸೀಳು ಕಾಣುತ್ತೆ, ಊದೋ ರೀಡು ಪ್ಲೇಟಿನ ಒಳಮುಖದಲ್ಲಿರುತ್ತೆ, ಅದಕ್ಕೆ ಪ್ಲೇಟೇ ಬಿಚ್ಚಬೇಕು. ಕಿಟಕಿ ಬೆಳಕಿಗೆ ಹಿಡ್ದು ನೋಡಿ, ರೀಡಿನ ಎರಡೂ ಪಕ್ಕ ಸಣ್ಣ ಬೆಳಕಿನ ಗೆರೆ ಒಂದೇ ಸಮ ಕಾಣ್ಬೇಕು. ಒಂದು ಕಡೆ ಕಪ್ಪಾಗಿದ್ರೆ ಅಲ್ಲಿ ಕಸ ಇದೆ, ಇಲ್ಲಾ ರೀಡ್ ಪಕ್ಕಕ್ಕೆ ಸರಿದು ಅಂಚಿಗೆ ತಾಗ್ತಿದೆ. ಕಸ ತೆಗಿಯೋಕೆ ಫೀಲರ್ ಗೇಜ್ ಬ್ಲೇಡು ಬೆಸ್ಟು, ಮೆಕ್ಯಾನಿಕ್‌ಗಳು ವಾಲ್ವ್ ಸಂದು ಅಳೆಯೋಕೆ ಇಟ್ಕೊಂಡಿರ್ತಾರಲ್ಲ ಅದೇ, ಜೆ.ಸಿ. ರೋಡ್ ಕಡೆ ವಿಚಾರಿಸಿ. ಅದ್ರಲ್ಲಿ 0.05 ಮಿ.ಮೀ. ಬ್ಲೇಡನ್ನ ರೀಡಿನ ಪಕ್ಕದ ಸಂದಲ್ಲಿ ಮೆಲ್ಲಗೆ ಆಡಿಸಿ, ಹೋಗ್ಲಿಲ್ಲ ಅಂದ್ರೆ ಒತ್ಬೇಡಿ. ಬ್ರಷ್ ಮಾಡೋದಾದ್ರೆ ಮೆದು ಬ್ರಷ್ಷು, ಯಾವಾಗ್ಲೂ ರಿವೆಟ್ ಕಡೆಯಿಂದ ಫ್ರೀ ತುದಿ ಕಡೆಗೆ. ಉಲ್ಟಾ ಎಳ್ದ್ರೆ ಒಂದು ಬ್ರಷ್ ಕೂದ್ಲು ತುದಿಗೆ ಸಿಕ್ಕಿ ರೀಡನ್ನ ಎತ್ತಿ ಬಗ್ಗಿಸಿಬಿಡುತ್ತೆ.

ಕಸ ಇಲ್ಲ, ತೇವ ಇಲ್ಲ, ಮೆತ್ತಗೆ ಊದಿದ್ರೆ ನುಡಿಯುತ್ತೆ ಆದ್ರೆ ಸ್ವಲ್ಪ ಜೋರಾಗಿ ಶುರು ಮಾಡಿದ್ರೆ ನಿಂತೋಗುತ್ತೆ ಅಂತಾದ್ರೆ ಅದು ಗ್ಯಾಪ್ ಸಮಸ್ಯೆ. ರೀಡಿನ ಫ್ರೀ ತುದಿ ಪ್ಲೇಟಿಂದ ಸ್ವಲ್ಪ ಎದ್ದಿರ್ಬೇಕು, ಸುಮಾರಾಗಿ ಆ ರೀಡಿನ ದಪ್ಪದಷ್ಟು. ತೀರಾ ಕಮ್ಮಿ ಇದ್ರೆ ಜೋರು ಉಸಿರಿಗೆ ಸೀಳು ಮುಚ್ಕೊಂಡುಬಿಡುತ್ತೆ, ತೀರಾ ಜಾಸ್ತಿ ಇದ್ರೆ ಉಸಿರೆಲ್ಲ ಸೋರಿಹೋಗುತ್ತೆ. ಹಲ್ಲುಕಡ್ಡಿಲಿ ತುದಿನ ಒಂಚೂರು ಎತ್ತಿ ಬಿಡಿ, ನುಡ್ಸಿ ನೋಡಿ, ಮತ್ತೆ ಒಂಚೂರು. ಪಕ್ಕದ ರೀಡಿನ ಗ್ಯಾಪ್ ನೋಡ್ಕೊಂಡು ಅಷ್ಟಕ್ಕೇ ತನ್ನಿ. ಒಂದೇ ಏಟಿಗೆ ಸರಿ ಮಾಡ್ತೀನಿ ಅಂತ ಹೊರಟ್ರೆ ಶ್ರುತಿನೂ ಹೋಗುತ್ತೆ.

ಕ್ರೋಮ್ಯಾಟಿಕ್ (ಪಕ್ಕದ ಗುಂಡಿ ಒತ್ತಿ ಅರ್ಧ ಸ್ವರನೂ ನುಡಿಸೋದು) ಇಟ್ಕೊಂಡಿರೋರಿಗೆ ಬೇರೆನೇ ಮಾತು. ಅದ್ರಲ್ಲಿ ಹೆಚ್ಚಿನವಕ್ಕೆ ಸೀಳಿನ ಮೇಲೆ ತೆಳು ಪ್ಲಾಸ್ಟಿಕ್ ವಾಲ್ವ್ ಅಂಟಿಸಿರ್ತಾರೆ, ಗಾಳಿ ಸೋರ್ದಿರ್ಲಿ ಅಂತ. ಅಂಟ್ಕೊಳೋದು ಬಹಳ ಸಲ ಈ ವಾಲ್ವೇ. ಸ್ವರ ತಡವಾಗಿ ಬರೋದು, ಪಟ್ ಅಂತ ಸದ್ದು ಬರೋದು ಇದರ ಗುರುತು. ಇದನ್ನ ನೀರಲ್ಲಿ ಅದ್ದಬಾರ್ದು, ವಾಲ್ವ್ ಕಿತ್ತು ಬರುತ್ತೆ. ಬೆಚ್ಚಗೆ ಮಾಡ್ಕೊಂಡು ಶುರು ಮಾಡಿದ್ರೆ ಸಾಮಾನ್ಯವಾಗಿ ಈ ತೊಂದ್ರೆನೇ ಇರಲ್ಲ. ಆದ್ರೂ ಅಂಟ್ತಿದ್ರೆ ಬಿಚ್ಚಿ, ನಾರು ಬಿಡ್ದಿರೋ ತೆಳು ಕಾಗದದ ಪಟ್ಟಿನ ಸ್ವಲ್ಪ ತೇವ ಮಾಡಿ ವಾಲ್ವಿಗೂ ಪ್ಲೇಟಿಗೂ ಮಧ್ಯೆ ತೂರಿಸಿ ಹಗುರವಾಗಿ ಎಳ್ಕೊಳಿ, ಕೊಳೆ ಕಾಗದಕ್ಕೆ ಬರುತ್ತೆ.

ನುಡಿಸಿದ್ಮೇಲೆ ತಟ್ಟಿ, ಬಟ್ಟೇಲಿ ಒರ್ಸಿ, ಒಂದು ಕಾಲು ಗಂಟೆ ತೂತು ಕೆಳಗೆ ಮಾಡಿ ಗಾಳಿಗೆ ಇಟ್ಟು ಆಮೇಲೆ ಡಬ್ಬಿ ಮುಚ್ಚಿ. ಡಬ್ಬಿ ಇಲ್ದೆ ಜೀನ್ಸ್ ಜೇಬಲ್ಲಿ ಹಾಕ್ಕೊಂಡು ಓಡಾಡೋರು ಜೇಬಿನ ಮೂಲೆ ಒಂದ್ಸಲ ತಿರುಗ್ಸಿ ನೋಡಿ, ಅಲ್ಲಿರೋ ನಾರೆಲ್ಲ ರೀಡಿಗೇ ಹೋಗೋದು.

ಇನ್ನು ಒಂದು ಸ್ವರ ದಿನದಿಂದ ದಿನಕ್ಕೆ ಶ್ರುತಿ ಇಳೀತಾ ಬಂದು ಆಮೇಲೆ ನಿಂತಿದ್ರೆ ಅದು ಅಂಟ್ಕೊಂಡಿದ್ದಲ್ಲ, ರೀಡು ಸವೆದು ಬಿರುಕು ಬಿಟ್ಟಿದೆ. ತಟ್ಟೋದು ತೊಳಿಯೋದು ಯಾವ್ದೂ ಉಪಯೋಗ ಇಲ್ಲ. ನಿಮ್ಮ ಮಾಡೆಲ್‌ಗೆ ರೀಡ್ ಪ್ಲೇಟ್ ಬೇರೆ ಸಿಗುತ್ತಾ ಕೇಳಿ, ಕೆಲವು ಕಂಪನಿಯವರದ್ದು ಸಿಗುತ್ತೆ, ಇಲ್ಲಾಂದ್ರೆ ಹೊಸದೇ ತಗೋಬೇಕು. ಹಳೇದನ್ನ ಎಸೀಬೇಡಿ, ಬಿಚ್ಚಿ ಗ್ಯಾಪ್ ಮಾಡೋದು ಕಲಿಯೋಕೆ ಇಟ್ಕೊಳಿ.